ಪಾಂಡವಪುರ ಕಡೆ ಹಳ್ಳಿಗಳಿಗೆ ವೈರ್‌ಲೆಸ್ ಬ್ರಾಡ್‌ಬ್ಯಾಂಡ್: ತೆಂಗಿನ ತೋಟದ ಹಿಂದಿರೋ ಮನೆಗಳಿಗೆ ಲಿಂಕ್ ಕೊಡೋದಾ ಬೇಡ್ವಾ?

ಕಬ್ಬಿನಗದ್ದೆ:
ಎಲ್ರಿಗೂ ನಮಸ್ಕಾರ. ಪಾಂಡವಪುರ ತಾಲೂಕಲ್ಲಿ ಕೇಬಲ್ ಟಿವಿ ನಡೆಸ್ತಿದ್ದವನು ನಾನು, ಈಗ ಲೈಸೆನ್ಸ್ ಇರೋ ಒಂದು ಇಂಟರ್ನೆಟ್ ಕಂಪನಿಯ ಫ್ರಾಂಚೈಸಿ ತಗೊಂಡು ಟೌನಲ್ಲಿ ಫೈಬರ್ ಕೊಡ್ತಿದೀನಿ. ಸುತ್ತ 3ರಿಂದ 7 ಕಿಲೋಮೀಟರ್ ಒಳಗಿರೋ ಹಳ್ಳಿಗಳಿಂದ ದಿನಾ ಫೋನ್ ಬರುತ್ತೆ, ನಮಗೂ ಕೊಡಿ ಅಂತ. ಫೈಬರ್ ಎಳೆಯೋಣ ಅಂದ್ರೆ ನಾಲೆ ಏರಿ ಉದ್ದಕ್ಕೂ ಕಂಬ ಇಲ್ಲ, ಕಂಬ ಇರೋ ರಸ್ತೇಲಿ ಕಬ್ಬು ಸಾಗಿಸೋ ಸೀಸನ್ ಬಂತು ಅಂದ್ರೆ ಲೋಡ್ ಟ್ರ್ಯಾಕ್ಟರ್ ಜೊತೆ ಕೇಬಲ್ಲೂ ಕಿತ್ಕೊಂಡು ಹೋಗುತ್ತೆ, ಅದನ್ನ ಸ್ಪ್ಲೈಸ್ ಮಾಡೋಕೆ (ತುಂಡಾದ ತುದಿ ಕೂಡಿಸೋಕೆ) ರಾತ್ರಿ ಟಾರ್ಚ್ ಹಿಡ್ಕೊಂಡು ನಿಲ್ಲಬೇಕು.

ಅದಕ್ಕೆ 5 ಗಿಗಾಹರ್ಟ್ಸ್ ವೈರ್‌ಲೆಸ್ ಹಾಕೋಣ ಅಂತಿದೀನಿ. ಅಂಗಡಿ ಬಿಲ್ಡಿಂಗ್ ಮೇಲೆ ಮಾಸ್ಟ್ ನಿಲ್ಲಿಸಿದ್ರೆ ನೆಲದಿಂದ ಒಟ್ಟು 24 ಮೀಟರ್ ಎತ್ತರ ಸಿಗುತ್ತೆ, ಅಲ್ಲಿ 90 ಡಿಗ್ರಿ ಸೆಕ್ಟರ್ ಆಂಟೆನಾ (ಒಂದು ದಿಕ್ಕಿನ ಎಲ್ಲ ಮನೆಗೂ ಒಟ್ಟಿಗೆ ಸಿಗ್ನಲ್ ಹರಡೋದು), ಮನೆ ಕಡೆ 23 ಡಿಬಿಐ ಸಣ್ಣ ಡಿಶ್ (ಡಿಬಿಐ ಅಂದ್ರೆ ಆಂಟೆನಾ ಸಿಗ್ನಲ್‌ನ ಒಂದೇ ಕಡೆಗೆ ಎಷ್ಟು ಒಟ್ಟುಗೂಡಿಸುತ್ತೆ ಅನ್ನೋ ಅಳತೆ). ಊರ ಒಳಗಿನ ತಾರಸಿ ಮನೆಗಳು ಬಹುತೇಕ ಕಣ್ಣಿಗೆ ಕಾಣ್ತವೆ, ಅವುಗಳ ಚಿಂತೆ ಇಲ್ಲ. ಕಷ್ಟ ಇರೋದು ತೋಟದ ಮನೆಗಳಲ್ಲಿ. ಮನೆ ಸುತ್ತ ತೆಂಗು, ಆಚೆ ಅಡಿಕೆ, ಟವರ್ ಎಲ್ಲೋ ಎಲೆ ಸಂದೀಲಿ. ಅವರೇ ಜಾಸ್ತಿ ಕೇಳ್ತಿರೋರು. ಇಂಥೋರಿಗೆ ಕನೆಕ್ಷನ್ ಕೊಡಬೋದಾ? ಸಿಗ್ನಲ್ ಕಮ್ಮಿ ಬಂದ್ರೂ ಏನೋ ಒಂದು 5 ಎಂಬಿಪಿಎಸ್ ಸಿಕ್ರೆ ಅವರಿಗೆ ಸಾಕು ಅಂತ ನನ್ನ ಲೆಕ್ಕ. ಅನುಭವ ಇರೋರು ಹೇಳಿ.

ಮೈಸೂರು ಆರ್‌ಎಫ್:
ಒಳ್ಳೇ ಕೆಲಸಕ್ಕೆ ಕೈ ಹಾಕಿದೀರ. ರೇಡಿಯೋ ಯಾವುದು ಅನ್ನೋದು ಆಮೇಲೆ, ಮೊದಲು ದಾರಿ ನೋಡಿ. ಕಣ್ಣಿಗೆ ಕಾಣ್ತದೆ ಅಂದ್ರೆ ರೇಡಿಯೋಗೂ ಕಾಣ್ತದೆ ಅಂತ ಅಲ್ಲ. ಎರಡು ಆಂಟೆನಾ ಮಧ್ಯೆ ಸಿಗ್ನಲ್ ದಾರ ಎಳೆದಂಗೆ ನೇರ ಹೋಗಲ್ಲ, ನಡುವೆ ಉಬ್ಬಿರೋ ಜಾಗ ಬೇಕು ಅದಕ್ಕೆ, ಫ್ರೆನೆಲ್ ಝೋನ್ ಅಂತಾರೆ. 5.8 ಗಿಗಾಹರ್ಟ್ಸ್‌ನಲ್ಲಿ 6 ಕಿಲೋಮೀಟರ್ ಲಿಂಕಿಗೆ ನಟ್ಟ ನಡುವೆ ಅದರ ತ್ರಿಜ್ಯ ಸುಮಾರು 8.8 ಮೀಟರ್, ಅದರಲ್ಲಿ ಶೇ. 60 ಅಂದ್ರೆ 5.3 ಮೀಟರ್ ಆದ್ರೂ ಖಾಲಿ ಇರಬೇಕು. ಈಗ ಮಧ್ಯದಲ್ಲಿ 18 ಮೀಟರ್ ತೆಂಗಿನ ಸಾಲು ಇದೆ ಅನ್ಕೊಳಿ, ಭೂಮಿ ಬಾಗು ಅರ್ಧ ಮೀಟರ್ ಸೇರಿಸಿದ್ರೆ ಆ ಜಾಗದಲ್ಲಿ ನಿಮ್ಮ ಗೆರೆ ನೆಲದಿಂದ 24 ಮೀಟರ್ ಮೇಲೆ ಹಾಯಬೇಕು. ನಿಮ್ಮ ಮಾಸ್ಟೇ 24 ಮೀಟರ್, ಹಂಗಾದ್ರೆ ಸಮತಟ್ಟು ನೆಲದಲ್ಲಿ ಗಿರಾಕಿ ಮನೇಲೂ 24 ಮೀಟರ್ ಕಂಬ ಬೇಕಾಯ್ತು. ಯಾರೂ ಹಾಕಲ್ಲ.

ಆದ್ರೆ ಮರ ಗಿರಾಕಿ ಮನೆ ಹತ್ರಾನೇ ಇದ್ರೆ ಬೇಕಾದ ಖಾಲಿ ಜಾಗ ಕಮ್ಮಿ. ಅದೇ 6 ಕಿಲೋಮೀಟರ್ ಲಿಂಕಲ್ಲಿ ಮನೆಯಿಂದ 200 ಮೀಟರ್ ದೂರದಲ್ಲಿರೋ ಅಡ್ಡಿಗೆ ಮೇಲೆ 2 ಮೀಟರ್ ಬಿಟ್ರೆ ಸಾಕು. ಆದ್ದರಿಂದ ಮರ ಎಲ್ಲಿದೆ ಅನ್ನೋದು ಎಷ್ಟು ಎತ್ತರ ಅನ್ನೋದರಷ್ಟೇ ಮುಖ್ಯ. ಗೂಗಲ್ ಅರ್ಥ್‌ನಲ್ಲಿ ಗೆರೆ ಎಳೆದು ಎಲಿವೇಷನ್ ಪ್ರೊಫೈಲ್ ತೆಗೀರಿ, ನೆಲದ ಏರು ತಗ್ಗು ಗೊತ್ತಾಗುತ್ತೆ. ಮರದ ಎತ್ತರ ಅದರಲ್ಲಿ ಸಿಗಲ್ಲ, ಅದನ್ನ ನೀವೇ ಹೋಗಿ ನೋಡಬೇಕು.

ಮದ್ದೂರು ಲೈನು:
ಮೇಲಿನೋರು ಯೋಳಿದ್ದು ನೂರಕ್ಕೆ ನೂರು ಸರಿ. ಒಂದು ಸೇರುಸ್ತೀನಿ, ಸರ್ವೆ ಯಾವಾಗ ಮಾಡ್ತೀರ ಅನ್ನೋದು ಬೋ ಮುಖ್ಯ ಕಣ್ರಿ. ಕಬ್ಬು ಕಡ್ದ ಮ್ಯಾಲೆ ಬಯಲು ನೋಡ್ಕಂಡು ಕಂಬ ನೆಟ್ರೆ ಚೆನ್ನಾಗೇ ಕಾಣ್ತದೆ, ಆರೇಳು ತಿಂಗ್ಳಿಗೆ ಬೆಳೆ ಆಳೆತ್ತರ ಮೀರಿ ನಿಂತ್ಕತದೆ, ಸೂಲಂಗಿ ಬಂದ್ರೆ ಇನ್ನೂ ಎತ್ರ. ತಗ್ಗು ಹೆಂಚಿನ ಮನೆಗೆ ಗೋಡೆ ಮ್ಯಾಲೆ ಡಿಶ್ ಕಟ್ಟಿದ್ರೆ ಆ ಸೀಸನ್ನಾಗೆ ಲಿಂಕ್ ಸತ್ತೋಯ್ತದೆ. ಅದ್ಕೆ ಎಷ್ಟೇ ಬಯಲಾಗಿ ಕಂಡ್ರೂ ಗದ್ದೆ ನಡುವೆ ಇರೋ ಮನೆಗೆ 6 ಮೀಟರ್ ಜಿಐ ಪೈಪ್ ಇಲ್ದೆ ಹಾಕ್ಬ್ಯಾಡಿ. ಪೈಪಿಗೆ ಮೂರು ಕಡೆ ಸ್ಟೇ ವೈರ್ ಎಳೀರಿ. ಆಷಾಢದ ಗಾಳಿಗೆ ಪೈಪ್ ವಸಿ ತಿರುಗಿದ್ರೂ ಸಿಗ್ನಲ್ ಬಿದ್ದೋಯ್ತದೆ.

ತೋಟದಮನೆ:
ನಾನು ಗಿರಾಕಿ ಕಡೆಯೋನು, ನಿಮ್ಮ ಲೆಕ್ಕ ಎಲ್ಲ ಅರ್ಥ ಆಗಲ್ಲ. ಆದ್ರೂ ಹೇಳ್ತೀನಿ. ನಮ್ಮದು ಊರಿಂದ ಒಂದು ಕಿಲೋಮೀಟರ್ ಒಳಗೆ, ತೆಂಗು ಬಾಳೆ ಮಧ್ಯೆ ಮನೆ. ಮಗಳು ಮೈಸೂರಲ್ಲಿ ಓದ್ತಿದಾಳೆ, ರಜೆಗೆ ಬಂದಾಗ ಕ್ಲಾಸ್ ವಿಡಿಯೋ ನೋಡೋಕೆ ನಾಲೆ ಸೇತುವೆ ಹತ್ರ ಹೋಗಿ ಕೂರ್ತಾಳೆ, ಅಲ್ಲಿ ಮೊಬೈಲ್ ಸಿಗ್ನಲ್ ಸಿಗುತ್ತೆ. ಒಬ್ರು ವೈರ್‌ಲೆಸ್‌ನೋರು ಬಂದು ನೋಡಿ ಆಗಲ್ಲ ಅಂತ ಎರಡೇ ಮಾತಲ್ಲಿ ಹೇಳಿ ಹೋದ್ರು. ಊರೊಳಗಿರೋರಿಗೆ ಮೊಬೈಲಲ್ಲೂ ಬರುತ್ತೆ, ನಿಮ್ಮ ಡಿಶ್ಶಲ್ಲೂ ಬರುತ್ತೆ. ನಿಜವಾಗಿ ಏನೂ ಇಲ್ಲದೋರು ನಾವು, ನಮ್ಮನ್ನೇ ಬಿಟ್ಟು ಹಳ್ಳಿಗೆ ಇಂಟರ್ನೆಟ್ ಕೊಟ್ವಿ ಅಂದ್ರೆ ಅದು ನ್ಯಾಯಾನಾ? 5 ಎಂಬಿಪಿಎಸ್ ಕೊಟ್ರೂ ಸಾಕು ನಮಗೆ, ಕಬ್ಬಿನಗದ್ದೆಯೋರು ಹೇಳಿದ್ದು ಸರಿಯಾಗೇ ಇದೆ.

ಮೈಸೂರು ಆರ್‌ಎಫ್:
ತೋಟದಮನೆಯವರೇ, ನಿಮ್ಮ ಮಾತು ಸರಿ ಇದೆ, ನಾನು ಅದಕ್ಕೆ ಎದುರಾಡಲ್ಲ. ಆದ್ರೆ ಕಮ್ಮಿ ಸಿಗ್ನಲ್ ಆದ್ರೂ ಪರವಾಗಿಲ್ಲ ಕೊಡಿ ಅನ್ನೋದರಲ್ಲಿ ಒಂದು ದೊಡ್ಡ ತೊಂದ್ರೆ ಇದೆ, ಇದನ್ನ ಈ ಕೆಲಸ ಮಾಡೋ ಪ್ರತಿಯೊಬ್ರೂ ತಿಳ್ಕೋಬೇಕು ಅಂತ ಬಿಡಿಸಿ ಬರೀತೀನಿ.

ಸೆಕ್ಟರ್‌ನಲ್ಲಿ ಎಲ್ಲ ಗಿರಾಕಿಗಳೂ ಒಂದೇ ಚಾನೆಲ್ ಹಂಚ್ಕೋತಾರೆ. ಹಂಚ್ಕೊಳೋದು ಎಂಬಿಪಿಎಸ್ ಅಲ್ಲ, ಸಮಯ. ನಮ್ಮ ಕಡೆ ನಾಲೆ ನೀರು ಸರದಿ ಮೇಲೆ ಬಿಡ್ತಾರಲ್ಲ, ಹಂಗೇ. ಇಂತಿಷ್ಟು ಹೊತ್ತು ಒಬ್ಬರ ಗದ್ದೆಗೆ, ಆಮೇಲೆ ಇನ್ನೊಬ್ಬರಿಗೆ. ಒಬ್ಬರ ಕಾಲುವೆ ಬಿರುಕು ಬಿಟ್ಟಿದ್ರೆ ಅದೇ ಗದ್ದೆ ತುಂಬೋಕೆ ದುಪ್ಪಟ್ಟು ಹೊತ್ತು ಬೇಕು, ಅಷ್ಟು ಹೊತ್ತು ಬಾಕಿಯೋರು ಕಾಯಬೇಕು.

ಈಗ ಲೆಕ್ಕ. ಸೆಕ್ಟರ್‌ನಲ್ಲಿ ಒಳ್ಳೇ ಸಿಗ್ನಲ್ ಇರೋನಿಗೆ 100 ಎಂಬಿಪಿಎಸ್ ವೇಗದಲ್ಲಿ ಡೇಟಾ ಹೋಗುತ್ತೆ ಅಂತ ಇಟ್ಕೊಳಿ. ಅವನು 5 ಎಂಬಿಪಿಎಸ್ ವಿಡಿಯೋ ನೋಡಿದ್ರೆ ಸೆಕ್ಟರ್ ಸಮಯದ ಶೇ. 5 ತಿಂತಾನೆ. ಮರದ ಹಿಂದಿರೋ ಮನೆಗೆ ಸಿಗ್ನಲ್ ಕೆಟ್ಟು ಮಾಡ್ಯುಲೇಷನ್ (ಒಂದು ಸಲಕ್ಕೆ ಎಷ್ಟು ಡೇಟಾ ತುಂಬಿ ಕಳಿಸೋದು ಅನ್ನೋ ಮಟ್ಟ) ತಳಕ್ಕೆ ಬಂದು 10 ಎಂಬಿಪಿಎಸ್‌ನಲ್ಲಿ ಮಾತಾಡ್ತಿದೆ ಅನ್ನಿ, ಅದೇ 5 ಎಂಬಿಪಿಎಸ್ ವಿಡಿಯೋಗೆ ಸೆಕ್ಟರ್‌ನ ಅರ್ಧ ಸಮಯ ಅವರೊಬ್ಬರಿಗೇ ಹೋಯ್ತು. ಮೂವತ್ತು ಮನೆ ಇರೋ ಸೆಕ್ಟರ್‌ನಲ್ಲಿ ಇಂಥ ಎರಡು ಮನೆ ಸಂಜೆ ಹೊತ್ತು ವಿಡಿಯೋ ಹಾಕಿದ್ರೆ ಉಳಿದ 28 ಮನೇಲೂ ಬಫರಿಂಗ್. ಅವರೆಲ್ಲ ಫೋನ್ ಮಾಡಿ ಬೈಯೋದು ನಿಮ್ಮನ್ನ. ಪ್ಲಾನ್ ಕಮ್ಮಿ ಕೊಟ್ರೆ ಸರಿ ಹೋಗಲ್ಲ ಇದು, ಯಾಕಂದ್ರೆ ತೊಂದ್ರೆ ಇರೋದು ಎಷ್ಟು ಡೇಟಾ ಅನ್ನೋದರಲ್ಲಿ ಅಲ್ಲ, ಆ ಡೇಟಾ ಸಾಗಿಸೋಕೆ ಎಷ್ಟು ಹೊತ್ತು ಹಿಡೀತು ಅನ್ನೋದರಲ್ಲಿ.

ಆದ್ದರಿಂದ ನಾನು ಮೈನಸ್ 70 ಡಿಬಿಎಂಗಿಂತ ಕೆಟ್ಟ ಲಿಂಕ್ ಸೆಕ್ಟರ್ ಮೇಲೆ ಹಾಕಲೇಬೇಡಿ ಅಂತೀನಿ (ಡಿಬಿಎಂ ಅಂದ್ರೆ ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ರ ಆದಷ್ಟೂ ಒಳ್ಳೇದು). ಕಟ್ಟುನಿಟ್ಟಾಗಿ.

ಕಬ್ಬಿನಗದ್ದೆ:
ಇದು ನನಗೆ ಹೊಸ ವಿಷಯ ಸಾರ್, ಪ್ಲಾನ್ ಸ್ಪೀಡ್ ಕಟ್ಟಿದ್ರೆ ಮುಗೀತು ಅನ್ಕೊಂಡಿದ್ದೆ. ಹಂಗಾದ್ರೆ 900 ಮೆಗಾಹರ್ಟ್ಸ್ ರೇಡಿಯೋ ಹಾಕಿದ್ರೆ? ಅದು ಮರ ತೂರ್ಕೊಂಡು ಹೋಗುತ್ತೆ ಅಂತ ಅಮೆರಿಕದೋರು ವಿಡಿಯೋದಲ್ಲಿ ತೋರಿಸ್ತಾರೆ.

ಕೆಆರ್‌ಪೇಟೆ ನೆಟ್:
ಬೇಡ. ಅಲ್ಲಿ 902ರಿಂದ 928 ಲೈಸೆನ್ಸ್ ಇಲ್ಲದೆ ಬಳಸಬೋದು, ಇಲ್ಲಿ 900 ಬ್ಯಾಂಡ್ ಮೊಬೈಲ್ ಕಂಪನಿಗಳದ್ದು, ಆ ರೇಡಿಯೋ ಆನ್ ಮಾಡಿದ್ರೆ ಅವರ ನೆಟ್‌ವರ್ಕಿಗೆ ತೊಂದ್ರೆ ಮಾಡಿದಂಗೆ, ಕೇಸ್ ಆಗುತ್ತೆ. ನಮ್ಮಲ್ಲಿ ಬಿಟ್ಟಿರೋ 865ರಿಂದ 868 ಮೆಗಾಹರ್ಟ್ಸ್ ಬರೀ 3 ಮೆಗಾಹರ್ಟ್ಸ್ ಅಗಲ, ನೀರಿನ ಮೀಟರು, ಸೆನ್ಸರ್ ಇಂಥದ್ದಕ್ಕೆ ಸಾಕು, ಬ್ರಾಡ್‌ಬ್ಯಾಂಡಿಗೆ ಆಗಲ್ಲ.

5 ಗಿಗಾಹರ್ಟ್ಸ್‌ನಲ್ಲಿ ನಮಗೆ ಜಾಗ ಚೆನ್ನಾಗೇ ಇದೆ. 2018ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ 5150ರಿಂದ 5350, 5470ರಿಂದ 5875, ಒಟ್ಟು 605 ಮೆಗಾಹರ್ಟ್ಸ್ ಲೈಸೆನ್ಸ್ ಇಲ್ಲದೆ ಹೊರಗೂ ಬಳಸಬೋದು ಅಂತ ಮಾಡ್ತು. ಪವರ್ ಮಿತಿ ಬ್ಯಾಂಡಿಂದ ಬ್ಯಾಂಡಿಗೆ ಬೇರೆ. ರೇಡಿಯೋದಲ್ಲಿ ಕಂಟ್ರಿ ಇಂಡಿಯಾ ಅಂತಲೇ ಇಡಿ, ಬೇರೆ ದೇಶ ಹಾಕಿ ಪವರ್ ಏರಿಸೋ ಚಾಳಿ ಬೇಡ. ಪಕ್ಕದ ಊರಿನೋನು ನಿಮ್ಮ ಮೇಲೆ ಏರಿಸ್ತಾನೆ, ನೀವು ಅವನ ಮೇಲೆ, ಕೊನೆಗೆ ಇಬ್ಬರಿಗೂ ಬರೀ ಗದ್ದಲ ಉಳಿಯುತ್ತೆ. ಇಟಿಎ, ಅಂದ್ರೆ ಸರ್ಕಾರದ ಉಪಕರಣ ಒಪ್ಪಿಗೆ, ಇರೋ ಸಾಮಾನೇ ತಗೊಳಿ.

ಇನ್ನೊಂದು, ಸ್ಪೆಕ್ಟ್ರಮ್ ಫ್ರೀ ಅಂದ ತಕ್ಷಣ ಇಂಟರ್ನೆಟ್ ಮಾರೋದು ಫ್ರೀ ಅಲ್ಲ. ಮನೆ ಫೈಬರ್ ಕನೆಕ್ಷನ್ ತಗೊಂಡು ಡಿಶ್ ಮೂಲಕ ಹಂಚಿ ದುಡ್ಡು ತಗೊಳೋರು ಇದಾರೆ, ಅದು ಕಾನೂನಿಗೆ ವಿರುದ್ಧ. ಐಎಸ್‌ಪಿ ಲೈಸೆನ್ಸ್‌ನಲ್ಲಿ ಎ ಅಂದ್ರೆ ಇಡೀ ದೇಶ, ಬಿ ಅಂದ್ರೆ ಒಂದು ಟೆಲಿಕಾಂ ಸರ್ಕಲ್ (ಹೆಚ್ಚುಕಮ್ಮಿ ಒಂದು ರಾಜ್ಯ), ಸಿ ಅಂದ್ರೆ ಹೆಚ್ಚುಕಮ್ಮಿ ಒಂದು ಜಿಲ್ಲೆಯಷ್ಟು ಜಾಗ. ಒಂದೋ ಅದು ನಿಮ್ಮದಿರಬೇಕು, ಇಲ್ಲಾ ಅಂಥ ಕಂಪನಿ ಜೊತೆ ಲಿಖಿತ ಒಪ್ಪಂದ ಇರಬೇಕು. ಗಿರಾಕಿ ಕೆವೈಸಿ, ಎರಡು ವರ್ಷದ ಲಾಗು (ಯಾರು ಯಾವಾಗ ಬಳಸಿದ್ರು ಅನ್ನೋ ದಾಖಲೆ), ಇವೆಲ್ಲ ಕಂಪನಿ ಜವಾಬ್ದಾರಿ, ಆದ್ರೆ ನಿಮ್ಮ ರೂಟರ್‌ನಲ್ಲಿ ಎಲ್ಲರನ್ನೂ ಒಂದೇ ಐಪಿ ವಿಳಾಸದ ಹಿಂದೆ ಸೇರಿಸಿ (ಇದಕ್ಕೆ ನ್ಯಾಟ್ ಅಂತಾರೆ) ಮುಚ್ಚಿಟ್ರೆ ಅವರಿಗೂ ಲಾಗ್ ಸಿಗಲ್ಲ. ಪ್ರತಿ ಗಿರಾಕಿಗೂ ಬೇರೆ ಪಿಪಿಪಿಒಇ ಲಾಗಿನ್ (ಅವರದೇ ಹೆಸರು, ಪಾಸ್‌ವರ್ಡ್) ಕೊಡಿ. ಊರ ಬಸ್ ಸ್ಟ್ಯಾಂಡಲ್ಲಿ ಬರೀ ವೈಫೈ ಹಾಟ್‌ಸ್ಪಾಟ್ ಇಡೋ ಆಸೆ ಇದ್ರೆ 2020ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಆದ ಪಿಎಂ ವಾಣಿ ಯೋಜನೆ ಇದೆ, ಅದಕ್ಕೆ ಅಂಗಡಿಯೋನಿಗೆ ಲೈಸೆನ್ಸ್ ಬೇಕಿಲ್ಲ. ನಿಮ್ಮ ಮನೆಮನೆ ಕನೆಕ್ಷನ್‌ಗೆ ಅದು ಹೊಂದಲ್ಲ.

ತೋಟದಮನೆ:
ಆರ್‌ಎಫ್ ಅವರು ಕಾಲುವೆ ಲೆಕ್ಕ ಹೇಳಿದ್ಮೇಲೆ ಅರ್ಥ ಆಯ್ತು. ಬಂದು ನೋಡಿದೋರೂ ಇಷ್ಟು ಬಿಡಿಸಿ ಹೇಳಿದ್ರೆ ನಮಗೆ ಬೇಜಾರಾಗ್ತಿರ್ಲಿಲ್ಲ. ಆದ್ರೂ ಪ್ರಶ್ನೆ ಹಂಗೇ ಉಳೀತಲ್ಲ, ನಮ್ಮಂಥೋರಿಗೆ ದಾರಿ ಇಲ್ವಾ?

ನಾಗಮಂಗಲ ಲಿಂಕ್:
ಇದೆ, ನಾವು ಮಾಡ್ತಿರೋದೇ ಅದು. ಆರ್‌ಎಫ್ ಹೇಳಿದಂಗೆ ದೂರದ ದೊಡ್ಡ ಸೆಕ್ಟರ್ ಮೇಲೆ ತೋಟದ ಮನೆ ಹಾಕಬೇಡಿ, ಅಲ್ಲಿವರೆಗೂ ನನ್ನ ಒಪ್ಪಿಗೆ. ಆದ್ರೆ ಅಲ್ಲಿಗೇ ನಿಲ್ಲಬೇಡಿ. ಊರಿನ ಓವರ್‌ಹೆಡ್ ನೀರಿನ ಟ್ಯಾಂಕ್ ನೋಡಿ. ಟೌನ್ ಮಾಸ್ಟಿಂದ ಟ್ಯಾಂಕ್ ತಲೆ ಸಾಮಾನ್ಯ ಕಾಣ್ತದೆ. ಅಲ್ಲಿಗೆ ಒಂದು ಪಾಯಿಂಟ್ ಟು ಪಾಯಿಂಟ್ ಲಿಂಕ್ (ಎರಡೇ ಡಿಶ್ ಎದುರುಬದುರು) ಹೊಡೀರಿ, ಟ್ಯಾಂಕ್ ಮೇಲೆ ಇನ್ನೊಂದು ಸಣ್ಣ ಸೆಕ್ಟರ್ ಇಟ್ಟು ತೋಟದ ಮನೆಗಳಿಗೆ ಅಲ್ಲಿಂದ ಕೊಡಿ. ಎರಡಕ್ಕೂ ಬೇರೆ ರೇಡಿಯೋ, ಬೇರೆ ಚಾನೆಲ್. ಒಂದೇ ರೇಡಿಯೋದಲ್ಲಿ ರಿಪೀಟ್ ಮಾಡಿದ್ರೆ ವೇಗ ಅರ್ಧಕ್ಕೆ ಬೀಳುತ್ತೆ.

ಇದರಲ್ಲಿ ಲಾಭ ಎಲ್ಲಿ ಅಂತ ಆರ್‌ಎಫ್ ಲೆಕ್ಕ ಮಾಡಿ ಹೇಳಲಿ, ನನಗೆ ಗೊತ್ತಿರೋದು ಇಷ್ಟೇ, ಟೌನಿಂದ ಎಷ್ಟು ತಿರುಗಿಸಿದ್ರೂ ಮೈನಸ್ 80 ದಾಟದೇ ಇದ್ದ ಮನೆಗಳು ಟ್ಯಾಂಕಿಂದ 60ರ ಆಸುಪಾಸು ಬಂದ್ವು.

ಮೈಸೂರು ಆರ್‌ಎಫ್:
ಮಾಡಿದೆ. 5.8 ಗಿಗಾಹರ್ಟ್ಸ್‌ನಲ್ಲಿ 6 ಕಿಲೋಮೀಟರ್ ಖಾಲಿ ಬಯಲು ದಾಟೋಕೇ 123 ಡಿಬಿ ನಷ್ಟ (ಡಿಬಿ ಅಂದ್ರೆ ಸಿಗ್ನಲ್ ಎಷ್ಟು ಏರಿತು, ಇಳೀತು ಅನ್ನೋ ಅಳತೆ). ಮಾಸ್ಟಿಂದ ಹೊರಡೋದು ಒಟ್ಟು 36 ಡಿಬಿಎಂ, ಮನೆ ಡಿಶ್ 23 ಡಿಬಿಐ ಅಂದ್ರೆ ಮೈನಸ್ 64 ಬರಬೇಕು. ಮಧ್ಯೆ 50 ಮೀಟರ್ ದಟ್ಟ ಎಲೆ ಬಂದ್ರೆ ವೈಸ್‌ಬರ್ಗರ್ ಫಾರ್ಮುಲಾ ಪ್ರಕಾರ ಸುಮಾರು 22 ಡಿಬಿ ಹೋಗುತ್ತೆ, ಮೈನಸ್ 86ಕ್ಕೆ ಬಿತ್ತು, ಆ ಮನೆಗೆ ಆಗಲ್ಲ.

ಟ್ಯಾಂಕಿಂದ ಮನೆಗೆ 600 ಮೀಟರ್ ಅಂದ್ರೆ ನಷ್ಟ 103 ಡಿಬಿ ಮಾತ್ರ. ದೂರ ಹತ್ತರಲ್ಲಿ ಒಂದಾದ್ರೆ 20 ಡಿಬಿ ಉಳಿಯುತ್ತೆ, ಆ 20 ಡಿಬಿನ ಮರಕ್ಕೆ ಕೊಡಬೋದು. ಅದೇ 50 ಮೀಟರ್ ಎಲೆ ದಾಟಿಯೂ ಮೈನಸ್ 66 ಸಿಗುತ್ತೆ. ನಾಗಮಂಗಲದೋರ ಅನುಭವಕ್ಕೂ ಲೆಕ್ಕಕ್ಕೂ ತಾಳೆ ಆಯ್ತು, ನಾನು ಕಟ್ಟುನಿಟ್ಟಾಗಿ ಬೇಡ ಅಂದಿದ್ದು ದೂರದ ಸೆಕ್ಟರ್‌ಗೆ, ಟ್ಯಾಂಕಿಗೆ ಖಂಡಿತ ಹೂಂ ಅಂತೀನಿ. ಆದ್ರೆ ತೋಟ 150 ಮೀಟರ್ ದಪ್ಪ ಇದ್ರೆ ನಷ್ಟ 40 ಡಿಬಿ ದಾಟುತ್ತೆ, ಟ್ಯಾಂಕಿಂದಲೂ ಆಗಲ್ಲ. ಮಳೆ ಬಂದು ಎಲೆ ನೆಂದಾಗ ಇನ್ನೂ ಬೀಳುತ್ತೆ, ಗಾಳಿಗೆ ಗರಿ ಅಲ್ಲಾಡಿದಾಗ ಮೇಲೆ ಕೆಳಗೆ ಆಗ್ತಿರುತ್ತೆ, ಅದಕ್ಕೆ 8-10 ಡಿಬಿ ಕೈಲಿ ಇಟ್ಕೊಂಡೇ ಹೂಂ ಅನ್ನಿ. ಜನ ಮಳೆಗೇ ಸಿಗ್ನಲ್ ಹೋಗುತ್ತೆ ಅನ್ಕೋತಾರೆ, 5 ಗಿಗಾಹರ್ಟ್ಸ್‌ನಲ್ಲಿ ಮಳೆ ಹನಿ ಇಷ್ಟು ದೂರಕ್ಕೆ ಲೆಕ್ಕಕ್ಕೇ ಇಲ್ಲ, ಕೆಲಸ ಕೆಡಿಸೋದು ನೆಂದ ಎಲೆ ಮತ್ತೆ ನೀರು ನುಗ್ಗಿದ ಕನೆಕ್ಟರ್.

ಮದ್ದೂರು ಲೈನು:
ಕನೆಕ್ಟರ್ ಅಂದ್ರಲ್ಲ, ಅಲ್ಲೇ ಒಸಿ ನಿಲ್ರಿ. ಬಂದ ಕಂಪ್ಲೇಂಟಲ್ಲಿ ಹೆಚ್ಚು ಪಾಲು ಅಲ್ಲೇ ಇರೋದು. ಡಿಶ್ ಬುಡ್ದಾಗಿರೋ ಮುಚ್ಚಳ ಬಿಚ್ಚಿ ಆರ್‌ಜೆ 45 ಪ್ಲಗ್ ಹೊರಗೆ ಎಳೀರಿ, ಎಂಟು ಪಿನ್ನಲ್ಲಿ ಎರಡು ಮೂರು ಹಸ್ರಾಗಿರ್ತವೆ. ಪಿಒಇ ಕರೆಂಟ್ (ಅದೇ ಕೇಬಲ್ಲಾಗೆ ರೇಡಿಯೋಗೆ ಹೋಗೋ ಕರೆಂಟು) ಹರಿಯೋ ಪಿನ್ನೇ ಮೊದ್ಲು ಹಸ್ರಾಗೋದು, ನೀರೂ ಕರೆಂಟೂ ಸೇರಿದ್ರೆ ತಾಮ್ರ ಕರಗ್ತದೆ. ಒಂದೊಂದು ಮನೇಲಿ ನೀರು ಕೇಬಲ್ ಒಳಗೇ ಇಳ್ಕಂಡು ಬಂದು ಟಿವಿ ಸ್ಟ್ಯಾಂಡ್ ಹಿಂದಿರೋ ಅಡಾಪ್ಟರ್ ತಂಕ ಮುಟ್ಟಿರ್ತದೆ, ಪ್ಲಗ್ ಕಿತ್ರೆ ಹನಿ ತೊಟ್ಟಿಕ್ತದೆ. ಅದ್ಕೆ ಕೇಬಲ್ ಡಿಶ್‌ಗೆ ಕೆಳಗಿಂದ ಹತ್ಬೇಕು, ಗೋಡೆ ಒಳಗೆ ಹೋಗೋಕೆ ಮುಂಚೆ ಕೆಳಗೆ ಜೋತು ಬಿದ್ದು ಆಮ್ಯಾಕೆ ಮೇಲೆ ಏರಿ ಒಳಗೆ ಹೋಗ್ಬೇಕು, ನೀರು ಆ ಬಾಗಲ್ಲೇ ಬಿದ್ದೋಯ್ತದೆ. ಮನೆ ಒಳಗೆ ಹಾಕೋ ಬಿಳೀ ಕೇಬಲ್ ಹೊರಗೆ ಹಾಕ್ಬ್ಯಾಡಿ, ಬಿಸ್ಲಿಗೆ ಸಿಪ್ಪೆ ಪುಡಿಪುಡಿ ಆಯ್ತದೆ. ಕಪ್ಪು ಔಟ್‌ಡೋರ್, ಶೀಲ್ಡ್ ಇರೋದು, ಪೂರಾ ತಾಮ್ರದ್ದೇ. ಅಲ್ಯೂಮಿನಿಯಂಗೆ ತಾಮ್ರ ಬಳ್ದಿರೋದು ಅಗ್ಗ ಅಂತ ತಂದ್ರೆ ಉದ್ದ ಓಟಕ್ಕೆ ವೋಲ್ಟೇಜ್ ಬಿದ್ದು ರೇಡಿಯೋ ಆಗಾಗ ರೀಸ್ಟಾರ್ಟ್ ಆಯ್ತದೆ.

ಸಿಡ್ಲು ವಿಷ್ಯ ಅಂತೂ ಆಟ ಅಲ್ಲ. ಏಪ್ರಿಲ್ ಮೇ ತಿಂಗ್ಳಲ್ಲಿ ಮಧ್ಯಾನ ಮ್ಯಾಲೆ ಮೋಡ ಕಟ್ಟಿದ್ರೆ ನಮ್ಮ ಕಡೆ ತೆಂಗಿನ ಮರದ ಸುಳಿ ಹೊತ್ಕಂಡು ಉರಿಯೋದು ನೋಡೇ ಇರ್ತೀರ. ಪೈಪಿಗೆ ಅರ್ಥಿಂಗ್ ಮಾಡ್ಲೇಬೇಕು, ಗುಂಡಿ ತೋಡಿ ರಾಡ್ ಇಳ್ಸಿ ಇದ್ಲು ಉಪ್ಪು ಹಾಕಿ, ಬ್ಯಾಸ್ಗೇಲಿ ನೀರು ಹಾಕ್ತಾ ಇರಿ ಅಂತ ಮನೆಯೋರಿಗೆ ಯೋಳಿ. ಕೇಬಲ್‌ಗೆ ಮ್ಯಾಲೊಂದು ಕೆಳಗೊಂದು ಸರ್ಜ್ ಪ್ರೊಟೆಕ್ಟರ್. ನೇರ ಸಿಡ್ಲು ಬಡುದ್ರೆ ಯಾವ್ದೂ ಉಳಿಯಲ್ಲ, ಆದ್ರೆ ಪಕ್ಕದ ತೋಟಕ್ಕೆ ಬಿದ್ದಾಗ ರೇಡಿಯೋ ಮನೆ ರೂಟರ್ ಎಲ್ಡೂ ಉಳ್ಕತವೆ. ಮೋಡ ಗುಡುಗ್ತಿದ್ರೆ ಗಿರಾಕಿ ಎಷ್ಟೇ ಕೂಗಾಡ್ಲಿ ಮಾಸ್ಟ್ ಹತ್ಬ್ಯಾಡಿ, ಹುಡುಗ್ರನ್ನೂ ಹತ್ತುಸ್ಬ್ಯಾಡಿ. ಬೆಲ್ಟ್ ಇಲ್ದೆ ಟ್ಯಾಂಕ್ ಮೇಲೆ ಕೆಲ್ಸ ಬೇಡವೇ ಬೇಡ.

ಕಬ್ಬಿನಗದ್ದೆ:
ಇದೆಲ್ಲ ಬರೆದಿಟ್ಕೊಂಡೆ. ಅಲೈನ್‌ಮೆಂಟ್ ಹೆಂಗೆ ಮಾಡ್ತೀರ? ನಮ್ಮ ಹುಡುಗರು ಮೊಬೈಲ್ ಆ್ಯಪ್‌ನಲ್ಲಿ ಸಿಗ್ನಲ್ ಬಂದ ತಕ್ಷಣ ಬೋಲ್ಟ್ ಟೈಟ್ ಮಾಡ್ತಾರೆ.

ಕೆಆರ್‌ಪೇಟೆ ನೆಟ್:
ಅದು ಬಿಡಿಸಿ ಮೊದಲು. ಡಿಶ್‌ಗೆ ಮುಖ್ಯ ಕಿರಣದ ಪಕ್ಕದಲ್ಲಿ ಸಣ್ಣ ಸಣ್ಣ ಸೈಡ್ ಲೋಬ್ ಇರ್ತವೆ. ಅದರಲ್ಲೊಂದು ಸಿಕ್ರೆ ಲಿಂಕ್ ಆಗುತ್ತೆ, ಮೈನಸ್ 78 ತೋರಿಸುತ್ತೆ, ಎಡಕ್ಕೂ ಬಲಕ್ಕೂ ವಸಿ ತಿರುಗಿಸಿದ್ರೆ ಕಮ್ಮಿ ಆಗುತ್ತೆ, ಓ ಇದೇ ಗರಿಷ್ಠ ಅಂತ ಟೈಟ್ ಮಾಡ್ತಾರೆ. ಮೇಲೆ ಆರ್‌ಎಫ್ ಮಾಡಿದಂಗೆ ಲೆಕ್ಕ ಮೊದಲೇ ಮಾಡ್ಕೊಂಡು ಹೋಗಬೇಕು. ಲೆಕ್ಕ ಮೈನಸ್ 64 ಅನ್ನುತ್ತೆ, ಕಾಣ್ತಿರೋದು 78 ಅಂದ್ರೆ ತಪ್ಪು ಜಾಗದಲ್ಲಿದೀರ ಅಥವಾ ಮಧ್ಯೆ ಅಡ್ಡಿ ಇದೆ ಅಂತಾನೇ ಅರ್ಥ. ಇನ್ನೂ ತಿರುಗಿಸಿ, ಸಿಗ್ನಲ್ ಬಿದ್ದು ಮತ್ತೆ ಏರುತ್ತೆ, 70, 67, 65, ಅದನ್ನ ದಾಟಿ ಬೀಳೋಕೆ ಶುರು ಆದ್ಮೇಲೆ ವಾಪಸ್ ಬನ್ನಿ. ಅಡ್ಡಡ್ಡ ಮುಗಿಸಿ ಆಮೇಲೆ ಮೇಲೆ ಕೆಳಗೆ. ಬೋಲ್ಟ್ ಬಿಗಿ ಮಾಡೋವಾಗಲೂ ಎರಡು ಡಿಬಿ ಜಾರುತ್ತೆ, ಕಣ್ಣು ಮೊಬೈಲ್ ಮೇಲೇ ಇರಲಿ. ಎರಡು ಚೈನ್ (ಡಿಶ್‌ನ ಅಡ್ಡ, ಉದ್ದ ಎರಡು ಸಿಗ್ನಲ್) ಮಧ್ಯೆ 4-5 ಡಿಬಿಗಿಂತ ಜಾಸ್ತಿ ವ್ಯತ್ಯಾಸ ಇದ್ರೆ ಡಿಶ್ ಓರೆ ನಿಂತಿದೆ ಇಲ್ಲಾ ಮರದ ಕೊಂಬೆ ಅಡ್ಡ ಇದೆ.

ಸೆಕ್ಟರ್‌ನಲ್ಲಿ ಟಿಡಿಎಂಎ (ಪ್ರತಿ ಡಿಶ್‌ಗೂ ಸರದಿ ಕೊಡೋ ಮೋಡ್) ಆನ್ ಇರಲಿ. ಗಿರಾಕಿಗಳ ಡಿಶ್‌ಗಳು ಒಂದರ ಮಾತು ಒಂದು ಕೇಳಲ್ಲ, ಇಬ್ಬರೂ ಒಟ್ಟಿಗೆ ಮಾತಾಡಿ ಡಿಕ್ಕಿ ಆಗುತ್ತೆ, ಮಾಮೂಲಿ ವೈಫೈ ಮೋಡ್‌ನಲ್ಲಿ ಹತ್ತು ಮನೆ ಸೇರಿದ್ರೇ ಗಲಾಟೆ. ಚಾನೆಲ್ 20 ಅಥವಾ 40 ಮೆಗಾಹರ್ಟ್ಸ್ ಸಾಕು, 80 ಹಾಕಿದ್ರೆ ಸುತ್ತಲಿನ ಗದ್ದಲವನ್ನೂ ಅಷ್ಟೇ ಅಗಲಕ್ಕೆ ಒಳಗೆ ಕರ್ಕೊಂಡಂಗೆ.

ಹುಣಸೂರು ಹುಡುಗ:
2023ರಿಂದ ಏರ್‌ಟೆಲ್, ಜಿಯೋ ಎರಡೂ 5ಜಿ ಮೇಲೆ ಇದೇ ಥರ ಮನೆಗೆ ಡಬ್ಬ ಇಟ್ಟು ಕೊಡ್ತಿದಾವಲ್ಲ, ಇಷ್ಟೆಲ್ಲ ದುಡ್ಡು ಹಾಕಿ ಆಮೇಲೆ ಆ ಟವರ್ ಊರಿಗೇ ಬಂದ್ರೆ ಏನ್ ಗತಿ?

ನಾಗಮಂಗಲ ಲಿಂಕ್:
ನ್ಯಾಯವಾದ ಪ್ರಶ್ನೆ. 5ಜಿ ಚೆನ್ನಾಗಿ ಸಿಗೋ ಊರಲ್ಲಿ ಹೋಗಿ ಹಾಕಬೇಡಿ ಅಂತಾನೇ ನಾನೂ ಹೇಳ್ತೀನಿ, ಅವರ ಸ್ಪೆಕ್ಟ್ರಮ್ ಅವರೊಬ್ಬರದ್ದೇ, ನಮ್ಮದು ಎಲ್ಲರದ್ದೂ. ಆದ್ರೆ ತೋಟದಮನೆಯವರು ಹೇಳಿದ ಸೇತುವೆ ವಿಷಯ ನೋಡಿ, ಅಂಥ ಜಾಗ ಇನ್ನೂ ಎಷ್ಟೋ ಇದಾವೆ. ಕೇಂದ್ರ ಸರ್ಕಾರದ ಭಾರತ್‌ನೆಟ್ ಫೈಬರ್ ಪಂಚಾಯ್ತಿವರೆಗೂ ತರೋ ಯೋಜನೆ, 2011ರಲ್ಲಿ ಬೇರೆ ಹೆಸರಲ್ಲಿ ಒಪ್ಪಿಗೆ ಆಗಿದ್ದು. ಪಂಚಾಯ್ತಿ ಆಫೀಸಿಂದ ಎರಡು ಕಿಲೋಮೀಟರ್ ಆಚೆ ತೋಟಕ್ಕೆ ಯಾರು ಒಯ್ಯಬೇಕು? ಆ ಕೊನೇ ತುಂಡೇ ನಮ್ಮ ಕೆಲಸ. ಊರಲ್ಲಿ ಗ್ರಾಮ ಒನ್ ಸೆಂಟರ್, ಡೇರಿ, ಸೊಸೈಟಿ ಇದ್ರೆ ಮೊದಲು ಅವರಿಗೆ ಕೊಡಿ. ಪಹಣಿ ತೆಗೆಯೋಕೆ ಸರ್ವರ್ ಇಲ್ಲ ನಾಳೆ ಬನ್ನಿ ಅನ್ನಿಸ್ಕೊಂಡು ಕೂಲಿ ಬಿಟ್ಟು ಬಂದೋರು ವಾಪಸ್ ಹೋಗೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ. ಅಂಥ ಕಡೆ ಅಪ್‌ಲೋಡ್ ಮುಖ್ಯ, ಡೌನ್‌ಲೋಡ್ ಅಲ್ಲ.

ಕರೆಂಟ್ ವಿಷಯ ಯಾರೂ ಎತ್ತಲಿಲ್ಲ. ನಿರಂತರ ಜ್ಯೋತಿ ಆದ್ಮೇಲೆ ಊರಿನ ಫೀಡರ್ ಬೇರೆ, ಪಂಪ್‌ಸೆಟ್ ಫೀಡರ್ ಬೇರೆ. ತೋಟದ ಮನೆಗಳು ಬಹಳಷ್ಟು ಪಂಪ್‌ಸೆಟ್ ಲೈನಲ್ಲೇ ಇರ್ತವೆ, ಅಲ್ಲಿ ತ್ರೀ ಫೇಸ್ ದಿನಕ್ಕೆ ಏಳು ಗಂಟೆ ಲೆಕ್ಕ, ಮಿಕ್ಕ ಹೊತ್ತು ಏನು ಬರುತ್ತೋ ಅದು. ಮೋಟರ್‌ಗಳೆಲ್ಲ ಒಟ್ಟಿಗೆ ಆನ್ ಆದಾಗ ವೋಲ್ಟೇಜ್ ಬೀಳುತ್ತೆ, ರೂಟರ್ ರೀಸ್ಟಾರ್ಟ್. ಡಿಶ್ ರೇಡಿಯೋಗೆ 8 ವಾಟ್ ಆಸುಪಾಸು ಸಾಕು, ಅದಕ್ಕೂ ರೂಟರ್‌ಗೂ ಸೇರಿಸಿ ಒಂದು ಸಣ್ಣ ಡಿಸಿ ಯುಪಿಎಸ್ ಕನೆಕ್ಷನ್ ಜೊತೆಗೇ ಕೊಡಿ, ಅದರ ದುಡ್ಡು ಇನ್‌ಸ್ಟಲೇಷನ್‌ನಲ್ಲೇ ಸೇರಿಸಿ ಹೇಳ್ಬಿಡಿ.

ಟ್ಯಾಂಕ್ ಮೇಲೆ ಸೋಲಾರ್. ಬ್ಯಾಕ್‌ಹಾಲ್ ರೇಡಿಯೋ (ಟೌನ್ ಮಾಸ್ಟಿಗೆ ಕೂಡಿಸೋದು), ಸೆಕ್ಟರ್ ರೇಡಿಯೋ, ಸ್ವಿಚ್ ಎಲ್ಲ ಸೇರಿ 25 ವಾಟ್ ಅಂದ್ರೆ ದಿನಕ್ಕೆ 600 ವಾಟ್ ಅವರ್. ಮುಂಗಾರಲ್ಲಿ ಎರಡು ದಿನ ಸೂರ್ಯ ಕಾಣದಿದ್ರೂ ನಡೀಬೇಕು, 12.8 ವೋಲ್ಟ್ 100 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 1280 ವಾಟ್ ಅವರ್ ಇರುತ್ತೆ, ಸರಿ ಹೋಗುತ್ತೆ. ಪ್ಯಾನೆಲ್ 300 ವಾಟ್ ಹಾಕಿ. ಬ್ಯಾಟರಿ ಪೆಟ್ಟಿಗೆಗೆ ಬೀಗ, ನೆರಳು ಎರಡೂ ಬೇಕು.

ಕಬ್ಬಿನಗದ್ದೆ:
ಟ್ಯಾಂಕ್ ಪಂಚಾಯ್ತಿದು, ಒಪ್ಪಿಗೆ ಹೆಂಗೆ ತಗೊಂಡ್ರಿ?

ನಾಗಮಂಗಲ ಲಿಂಕ್:
ಬಾಯಿ ಮಾತಲ್ಲಿ ತಗೊಬೇಡಿ, ಮೆಂಬರ್ ಪರಿಚಯ ಅಂತ ಹತ್ತಿಬಿಟ್ರೆ ಮುಂದಿನ ಎಲೆಕ್ಷನ್ ಆದ್ಮೇಲೆ ಇಳಿಸಬೇಕಾಗುತ್ತೆ. ಪಿಡಿಒಗೆ ಅರ್ಜಿ ಕೊಟ್ಟು ಸಾಮಾನ್ಯ ಸಭೆಯಲ್ಲಿ ಠರಾವು ಮಾಡಿಸಿ, ಬಾಡಿಗೆ ಎಷ್ಟು, ಎಷ್ಟು ವರ್ಷ, ಟ್ಯಾಂಕ್ ಕ್ಲೀನ್ ಮಾಡೋ ದಿನ ಯಾರು ಜೊತೆಗಿರಬೇಕು ಎಲ್ಲ ಅದರಲ್ಲೇ ಬರಲಿ. ನಾವು ಅಂಗನವಾಡಿಗೂ ಶಾಲೆಗೂ ಒಂದೊಂದು ಕನೆಕ್ಷನ್ ಉಚಿತ ಕೊಡ್ತೀವಿ ಅಂದ್ವಿ, ಸಭೆಯಲ್ಲಿ ಯಾರೂ ತಕರಾರು ತೆಗೀಲಿಲ್ಲ. ಟ್ಯಾಂಕ್ ಕಾಂಕ್ರೀಟ್‌ಗೆ ಒಂದು ತೂತೂ ಕೊರೆಯಬೇಡಿ, ಊರೆಲ್ಲ ಕುಡಿಯೋ ನೀರು ಅದು. ಕೈಹಿಡಿ ಕಂಬಿಗೆ ಅಥವಾ ಪಿಲ್ಲರ್‌ಗೆ ಕ್ಲ್ಯಾಂಪ್ ಸುತ್ತಿ.

ಬೆಟ್ಟದ ಮೇಲೆ ಹಾಕೋ ಆಸೆ ಬಂದೇ ಬರುತ್ತೆ ನಿಮಗೆ, ಪಾಂಡವಪುರದಲ್ಲಿ ಕುಂತಿಬೆಟ್ಟ ಕಣ್ಣೆದುರೇ ಇದೆ. ಮೇಲುಕೋಟೆ ಕಡೆ ಅಂತೂ ವನ್ಯಧಾಮ ಇದೆ, ಅರಣ್ಯ ಇಲಾಖೆ ಒಪ್ಪಿಗೆ ಇಲ್ಲದೆ ಕಾಲಿಡೋ ಹಂಗಿಲ್ಲ, ಜೊತೆಗೆ ಅಲ್ಲಿನ ಕೋತಿಗಳು ಕೇಬಲ್ ಉಳಿಸಲ್ಲ. ಬೆಟ್ಟದಿಂದ ಎಲ್ಲ ಊರೂ ಕಾಣುತ್ತೆ ನಿಜ, ಎಲ್ಲ ಊರಿನ ವೈಫೈ ಗದ್ದಲವೂ ಅಲ್ಲಿಗೆ ಬರುತ್ತೆ. ನನ್ನ ಮಾತು ಕೇಳೋದಾದ್ರೆ ಊರಿಗೊಂದು ಟ್ಯಾಂಕ್, ಸಣ್ಣ ಸಣ್ಣ ಸೆಕ್ಟರ್.

ಕಬ್ಬಿನಗದ್ದೆ:
ಈ ವಾರ ಎರಡು ಊರು ಸುತ್ತಿ ಬಂದೆ, ಅದಕ್ಕೆ ಉತ್ತರ ತಡ ಆಯ್ತು. ಮೊದಲನೇ ಊರು 5 ಕಿಲೋಮೀಟರ್, ಟ್ಯಾಂಕ್ ತಲೆ ನಮ್ಮ ಮಾಸ್ಟಿಂದ ಬೈನಾಕ್ಯುಲರ್‌ನಲ್ಲಿ ಚೆನ್ನಾಗಿ ಕಾಣ್ತದೆ, ನಡುವೆ ಇರೋದು ಬರೀ ಭತ್ತದ ಬಯಲು, ನಾಲೆ ಹತ್ರ ಒಂದು ಸಾಲು ತೆಂಗು, ಅದು ಗೆರೆಗಿಂತ ಕೆಳಗೇ ಇದೆ. ಟ್ಯಾಂಕಿಂದ 700 ಮೀಟರ್ ಒಳಗೆ 11 ತೋಟದ ಮನೆ, ಅದರಲ್ಲಿ 8ಕ್ಕೆ ಮಧ್ಯೆ ಒಂದೆರಡು ಸಾಲು ಮರ ಮಾತ್ರ. ಮೂರು ಮನೆ ದಟ್ಟ ಅಡಿಕೆ ಒಳಗೆ, ಅವಕ್ಕೆ ಟ್ಯಾಂಕಿಂದಲೂ ಆಗಲ್ಲ ಅನ್ಸುತ್ತೆ. ಅವರಿಗೆ ಪಕ್ಕದ ಮನೆಯಿಂದ ಬೇಲಿ ಗುಂಟ ಫೈಬರ್ ಎಳೆಯೋಣ ಅಂತಿದೀನಿ, 200 ಮೀಟರ್ ಒಳಗೇ ಬರುತ್ತೆ, ಅಲ್ಲಿ ಟ್ರ್ಯಾಕ್ಟರ್ ಓಡಾಟಾನೂ ಇಲ್ಲ.

ಮೈಸೂರು ಆರ್‌ಎಫ್:
ಬಹಳ ಒಳ್ಳೇ ಪ್ಲಾನ್. ಫೈಬರ್ ಆದ್ರೆ ಸಿಡಿಲಿನ ಭಯಾನೂ ಕಮ್ಮಿ, ಆದ್ರೆ ಡ್ರಾಪ್ ಕೇಬಲ್‌ನಲ್ಲಿ ಉಕ್ಕಿನ ತಂತಿ ಇರುತ್ತೆ, ಅದನ್ನ ಎರಡೂ ತುದೀಲಿ ಕತ್ತರಿಸಿ ಬಿಡಿ, ಮನೆ ಒಳಗೆ ತರಬೇಡಿ. ತಾಮ್ರದ ಕೇಬಲ್ ಎಳೆಯೋಕಂತೂ ಹೋಗಬೇಡಿ, 100 ಮೀಟರ್ ಅದರ ಮಿತಿ. ರೂಟರ್‌ನಲ್ಲಿ ಪ್ರತಿ ಗಿರಾಕಿಗೂ ಎಫ್‌ಕ್ಯೂ ಕೋಡೆಲ್ ಅಥವಾ ಕೇಕ್ ಕ್ಯೂ (ಡೇಟಾ ಸರದಿನ ಸಮನಾಗಿ ಹಂಚೋ ಸೆಟ್ಟಿಂಗ್) ಹಾಕಿ, ಒಬ್ಬರು ದೊಡ್ಡ ಫೈಲ್ ಇಳಿಸ್ತಿದ್ರೂ ಅದೇ ಮನೇಲಿ ವಿಡಿಯೋ ಕಾಲ್ ಕಟ್ ಆಗಲ್ಲ.

ತೋಟದಮನೆ:
ಕಬ್ಬಿನಗದ್ದೆಯವರೇ, ನಮ್ಮೂರೂ ನಿಮ್ಮ ತಾಲೂಕೇ, ಮೇಲುಕೋಟೆ ರಸ್ತೆ ಕಡೆ. ಟ್ಯಾಂಕ್ ಇದೆ, ನಮ್ಮ ಮನೆಯಿಂದ ಅದರ ತಲೆ ಬಾಳೆ ಮೇಲೆ ಕಾಣ್ತದೆ, ತೆಂಗು ಎರಡೇ ಸಾಲು ಅಡ್ಡ. ಪಂಚಾಯ್ತಿ ಅರ್ಜಿಗೆ ಸುತ್ತಲಿನ ತೋಟದ ಮನೆಯೋರ ಸಹಿ ಎಲ್ಲ ನಾನು ಹಾಕಿಸಿಕೊಡ್ತೀನಿ.

ಕಬ್ಬಿನಗದ್ದೆ:
ಊರಿನ ಹೆಸರು, ಟ್ಯಾಂಕ್ ಲೊಕೇಷನ್ ಮೆಸೇಜ್‌ನಲ್ಲಿ ಕಳಿಸಿ ಅಣ್ಣ. ನಾಳೆ ಬೆಳಗ್ಗೆ ಮಾಸ್ಟ್ ಹತ್ತಿ ನೋಡ್ತೀನಿ, ಕಂಡ್ರೆ ಭಾನುವಾರ ರೇಡಿಯೋ, ಬ್ಯಾಟರಿ ತಗೊಂಡು ಬಂದು ಟ್ಯಾಂಕ್ ಪಕ್ಕದ ತಾರಸಿ ಮೇಲಿಂದ ನಿಮ್ಮ ಮನೆಗೆ ಟೆಸ್ಟ್ ಹಾಕೋಣ. ಮಳೆ ಬಂದು ಎಲೆ ನೆಂದಿದ್ರೆ ಇನ್ನೂ ಒಳ್ಳೇದು, ಆಗ ಬರೋ ನಂಬರನ್ನೇ ಲೆಕ್ಕಕ್ಕೆ ಇಟ್ಕೊಳೋದು.